ಪದಚರ್ಚೆ: ಕ್ರೈಸ್ತ ಬರಹಗಳ ‘ವೊಕೇಶನ್’ ಮತ್ತು ‘ಇಂಟಗ್ರೇಶನ್’ ಪದಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಕ್ರೈಸ್ತ ನಂಬಿಕೆಗೂ ಕಾಲೇಜಿನ ಓದಿಗೂ ಮುಂದೆ ಹಿಡಿಯುವ ಉದ್ಯೋಗಕ್ಕೂ ಇರುವ ನಂಟನ್ನು ಕುರಿತು ವಿದ್ಯಾರ್ಥಿಗಳಿಗಾಗಿ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇನೆ. ಈ ವಿಷಯದ ಇಂಗ್ಲಿಷ್ ಬರಹಗಳಲ್ಲಿ ‘ವೊಕೇಶನ್’, ‘ಇಂಟಗ್ರೇಶನ್’ ಎಂಬ ಎರಡು ಪದಗಳು ಪುಟಪುಟಕ್ಕೂ ಬರುತ್ತವೆ. ಎರಡಕ್ಕೂ ನಿಘಂಟಿನಲ್ಲಿ ಸಮಾನಪದಗಳಿಗೆ ಬರವಿಲ್ಲ. ಆದರೆ ಅವುಗಳನ್ನು ವಾಕ್ಯದಲ್ಲಿ ಕೂರಿಸಿದೊಡನೆ ಹೇಳಬೇಕಾದದ್ದು ಒಂದು, ಓದುಗನಿಗೆ ಕೇಳಿಸುವುದು ಇನ್ನೊಂದು ಎಂಬಂತಾಗುತ್ತದೆ. ಬಲ್ಲವರ ಅಭಿಪ್ರಾಯ ತಿಳಿಯಲೆಂದು ಇದನ್ನು ಬರೆಯುತ್ತಿದ್ದೇನೆ.

‘ವೊಕೇಶನ್’ ಪದದ ಮೂಲ, ಕರೆಯುವುದು ಎಂಬ ಅರ್ಥದ ಲ್ಯಾಟಿನ್ ಧಾತು. ಮಧ್ಯಯುಗದ ಯುರೋಪಿನಲ್ಲಿ ದೇವರ ಕರೆ ಎಂದರೆ ಬಹುಮಟ್ಟಿಗೆ ಪಾದ್ರಿಗಳಿಗೆ, ಮಠವಾಸಿಗಳಿಗೆ, ಸನ್ಯಾಸಿನಿಯರಿಗೆ ಮೀಸಲಾದ ಮಾತಾಗಿತ್ತು. 16ನೆಯ ಶತಮಾನದಲ್ಲಿ ಪ್ರಾಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನ್ ಧರ್ಮಪಂಡಿತ ಮಾರ್ಟಿನ್ ಲೂಥರ್ ಈ ಮೀಸಲಾತಿಯನ್ನು ಮುರಿದು, ಚಪ್ಪಲಿ ಹೊಲಿಯುವವನಿಗೂ ಮನೆಗೆಲಸದವಳಿಗೂ ತಮ್ಮ ತಮ್ಮ ಕೆಲಸವೇ ನೆರೆಯವರ ಸೇವೆಗಾಗಿ ದೇವರು ಕೊಟ್ಟ ಕರೆ ಎಂದು ವಾದಿಸಿ, ಅದಕ್ಕೆ ‘ಬೆರೂಫ್’ ಎಂಬ ಜರ್ಮನ್ ಪದವನ್ನು ಬಳಸಿದ. ಇಂದಿನ ಜರ್ಮನ್ನಿನಲ್ಲಿ ಅದೇ ‘ಬೆರೂಫ್’ ಅರ್ಜಿಯಲ್ಲಿ ತುಂಬುವ ‘ಉದ್ಯೋಗ’ಕ್ಕೆ ಇಳಿದಿದೆ, ಇಂಗ್ಲಿಷಿನಲ್ಲೂ ‘ವೊಕೇಶನಲ್’ ಎಂದರೆ ಐಟಿಐ ನೆನಪಾಗುತ್ತದೆ. ಪದ ಸವೆದದ್ದು ನಮ್ಮಲ್ಲಿ ಮಾತ್ರವಲ್ಲ ಎಂಬುದು ಒಂದು ಸಮಾಧಾನ.

ಕನ್ನಡದಲ್ಲಿ ‘ಕರೆ’ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದು ಲೂಥರನಿಗಿಂತ ಹಿಂದಿನ ಅರ್ಥದಲ್ಲಿಯೇ ನಿಂತುಬಿಟ್ಟಿದೆ. ಕಥೋಲಿಕರು ‘ದೈವಕರೆ’ ಎಂದಾಗ ಗುರುಮಠಕ್ಕೋ ಕನ್ಯಾಮಠಕ್ಕೋ ಸೇರುವ ವಿಷಯವೇ ಮನಸ್ಸಿಗೆ ಬರುತ್ತದೆ. ಪ್ರಾಟೆಸ್ಟಂಟ್ ಸಭೆಗಳಲ್ಲಿಯೂ (ಎಂದರೆ ಚರ್ಚುಗಳಲ್ಲಿಯೂ) ‘ಆತನಿಗೆ ಕರೆಯುಂಟು’ ಎಂದರೆ ಆತ ಕೆಲಸ ಬಿಟ್ಟು ‘ಪೂರ್ಣಾವಧಿ ಸೇವೆ’ಗೆ ಹೋಗಲಿದ್ದಾನೆಂದೇ ಅರ್ಥ. ಒಬ್ಬ ವಕೀಲ ‘ವಕೀಲಿಯೇ ನನ್ನ ಕರೆ’ ಎಂದರೆ ಕೇಳಿದವರು ಒಂದು ಗಳಿಗೆ ತಡೆದು ಯೋಚಿಸಬೇಕಾಗುತ್ತದೆ. ಸಭೆಯ ಹೊರಗಿನ ಓದುಗನಿಗಂತೂ ‘ಕರೆ’ ಎಂದರೆ ಬಂದ್‌ಗೆ ಕೊಡುವ ಕರೆ ಅಥವಾ ದೂರವಾಣಿ ಕರೆ. ಹಾಗಿದ್ದರೂ ಈ ಪದವನ್ನು ಕೈಬಿಡಲು ನನಗೆ ಮನಸ್ಸಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜನ್ನು ಕಟ್ಟಿದ ಐಡಾ ಸ್ಕಡರ್ ಅವರ ಜೀವನದಲ್ಲಿ, ತಿಂಡಿವನದ ಮನೆಗೆ ಒಂದೇ ರಾತ್ರಿ ಮೂವರು ಗಂಡಸರು ಬೇರೆ ಬೇರೆಯಾಗಿ ಬಂದು, ಹೆರಿಗೆಯಲ್ಲಿ ಸಂಕಟಪಡುತ್ತಿದ್ದ ತಮ್ಮ ಹೆಂಡತಿಯರ ನೆರವಿಗೆ ಐಡಾ ಅವರನ್ನು ಕರೆದರು. ಐಡಾ ಅವರ ತಂದೆ ವೈದ್ಯರಾಗಿದ್ದರೂ ಗಂಡಸಾದ್ದರಿಂದ ಅವರ ನೆರವನ್ನು ಆ ಮೂವರೂ ಒಲ್ಲೆವೆಂದರು. ಮೂವರು ಹೆಂಗಸರೂ ತೀರಿಕೊಂಡರು. ಮಿಶನರಿಯಾಗಲು ಇಷ್ಟವಿಲ್ಲದಿದ್ದ ಆ ಯುವತಿ ಅಮೆರಿಕಕ್ಕೆ ಹೋಗಿ 1899ರಲ್ಲಿ ವೈದ್ಯಪದವಿ ಪಡೆದು ಮರಳಿದರು; 1918ರಲ್ಲಿ ಹೆಂಗಸರಿಗಾಗಿಯೇ ವೈದ್ಯಶಾಲೆ ತೆರೆದರು. ಇಲ್ಲಿ ಬಾಗಿಲಿಗೆ ಬಂದು ಕರೆದದ್ದೂ ದೇವರ ಕರೆಯೂ ಒಂದೇ ಆಗಿರುವುದರಿಂದ, ‘ವೃತ್ತಿ’ ಎಂದು ಬರೆದರೆ ಅರ್ಧ ಮಾತು ಬಿಟ್ಟುಹೋಗುತ್ತದೆ.

‘ವೃತ್ತಿ’ಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವೃತ್ತಿ ತೆರಿಗೆ, ವೃತ್ತಿಪರ ಕೋರ್ಸು ಎನ್ನುವಾಗ ಇರುವ ಅರ್ಥವೇ ಈಗ ಅದರ ಅರ್ಥ. ಅದು ‘ಪ್ರೊಫೆಶನ್’ಗೆ ಸರಿಯಾಗಿ ಹೊಂದುತ್ತದೆ, ‘ವೊಕೇಶನ್’ಗೆ ಹೊಂದುವುದಿಲ್ಲ.

ನನ್ನ ನಿಜವಾದ ತೊಡಕು ಇರುವುದು ‘ಕಸುಬು’ ಪದದಲ್ಲಿ. ಗಳಿಕೆ ಎಂಬ ಅರ್ಥದ ಅರಬ್ಬಿ ಮೂಲದಿಂದ ಬಂದ ಈ ಪದ ಕೈಗೆಲಸದ ನೈಪುಣ್ಯವನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆಯೋ, ‘ಕುಲಕಸುಬು’ ಎಂಬ ಸಮಾಸದ ಮೂಲಕ ಜಾತಿಯನ್ನೂ ಅಷ್ಟೇ ಬಿಗಿಯಾಗಿ ಹಿಡಿದುಕೊಂಡಿದೆ. ಲೂಥರನ ವಾದಕ್ಕೆ ಆಧಾರವಾಗಿ ಮತ್ತೆ ಮತ್ತೆ ಎತ್ತಿ ತೋರಿಸುವ ವಚನ ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 7ನೆಯ ಅಧ್ಯಾಯದ 20ನೆಯದು: ಕರೆ ಬಂದಾಗ ಯಾರು ಹೇಗಿದ್ದರೋ ಹಾಗೆಯೇ ಇರಲಿ ಎಂಬುದು ಅದರ ತಾತ್ಪರ್ಯ. ಅಲ್ಲಿನ ‘ಕ್ಲೇಸಿಸ್’ ಎಂಬ ಗ್ರೀಕ್ ಪದ ಉದ್ಯೋಗವನ್ನು ಹೇಳುತ್ತದೆಯೇ, ಅಥವಾ ಕ್ರಿಸ್ತನ ಬಳಿಗೆ ಬಂದ ಕರೆಯನ್ನಷ್ಟೇ ಹೇಳುತ್ತದೆಯೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಮುಂದಿನ ವಚನವೇ ದಾಸನಾಗಿದ್ದವನಿಗೆ ಬಿಡುಗಡೆಯ ಅವಕಾಶದ ಮಾತನ್ನು ಆಡುತ್ತದೆ. 20ನೆಯ ವಚನವನ್ನು ಜರ್ಮನಿಯಲ್ಲಿ ‘ನಿನ್ನ ಬೆರೂಫಿನಲ್ಲಿ ನಿಲ್ಲು’ ಎಂದು ಓದುವುದು ಒಂದು. ‘ನಿನ್ನ ಕಸುಬಿನಲ್ಲೇ ಇರು’ ಎಂದು ನಮ್ಮ ನೆಲದಲ್ಲಿ ಬರೆಯುವುದು ಬೇರೆಯೇ. ಸ್ವಧರ್ಮದ ಉಪದೇಶವನ್ನು ಬೇರೊಂದು ಗ್ರಂಥದಿಂದ ತಂದು ಹೇಳಿದಂತೆ ಅದು ಕೇಳಿಸುತ್ತದೆ.

ಕರಾವಳಿಯ ಚರಿತ್ರೆಯಲ್ಲಂತೂ ಆದದ್ದು ಇದಕ್ಕೆ ತದ್ವಿರುದ್ಧ. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಅನೇಕರು ಬಿಲ್ಲವರು. ಅವರ ಕುಲಕಸುಬಾಗಿದ್ದ ಶೇಂದಿ ಇಳಿಸುವ ಕೆಲಸ ಕ್ರೈಸ್ತನಿಗೆ ಸಲ್ಲದೆಂಬುದು ಮಿಶನ್ನಿನ ನಿಲುವು. ಜಾತಿ ಬಿಟ್ಟವರಿಗೆ ಗೇಣಿಯ ನೆಲ, ಹಳೆಯ ಆಸರೆ ಇವೂ ತಪ್ಪುವ ಭಯವಿತ್ತು. ಅಂದರೆ ಅವರಿಗೆ ಕರೆ ಬಂದಾಗ ಕಸುಬು ಹೋಯಿತು. ಮಿಶನ್ನಿನ ಅಚ್ಚುಕೂಟ, ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ತೊಡಗಿದ ಹಂಚಿನ ಕಾರ್ಖಾನೆ ಇವೆಲ್ಲ ಅಂಥವರಿಗೆ ಹುಟ್ಟಿಗೆ ಅಂಟಿರದ ಹೊಸ ಕೆಲಸಗಳನ್ನು ಕೊಟ್ಟವು. ಇಷ್ಟೆಲ್ಲ ನಡೆದಿರುವ ಊರಿನ ಹುಡುಗರ ಕೈಗೆ ಕೊಡುವ ಪುಸ್ತಕದಲ್ಲಿ ‘ದೇವರು ಕೊಟ್ಟ ಕಸುಬು’ ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ.

ಹಾಗಾದರೆ ‘ಕಾಯಕ’ ಎಂದೇಕೆ ಬರೆಯಬಾರದು ಎಂದು ಮಿತ್ರರೊಬ್ಬರು ಕೇಳಿದ್ದಾರೆ. ಶರಣರು ಕಸುಬಿಗೆ ಅಂಟಿದ್ದ ಕೀಳುತನವನ್ನು ತೊಡೆದುಹಾಕಿದರೆಂಬ ಕಾರಣಕ್ಕೆ ಅದು ಆಕರ್ಷಕವೇ. ಆದರೆ ಆಯ್ದಕ್ಕಿ ಮಾರಯ್ಯನ ‘ಕಾಯಕವೇ ಕೈಲಾಸ’ ಎಂಬ ಮಾತಿನಲ್ಲಿ ಕೆಲಸವೇ ಕೈಲಾಸ. ಅದರಲ್ಲಿ ತೊಡಗಿದವನು ಗುರುವನ್ನೂ ಲಿಂಗವನ್ನೂ ಮರೆತರೆ ಲೋಪವಿಲ್ಲ. ಲೂಥರನಲ್ಲಿ ಕೆಲಸದಿಂದ ಸ್ವರ್ಗ ಸಿಕ್ಕುವುದಿಲ್ಲ, ರಕ್ಷಣೆ ನಂಬಿಕೆಯೊಂದರಿಂದಲೇ; ಕೆಲಸ ಬೇಕಾಗಿರುವುದು ನೆರೆಯವನಿಗೆ. ಜೊತೆಗೆ ಕಾಯಕಕ್ಕೆ ದಾಸೋಹದ ನಂಟು ಬಿಡಿಸಲಾಗದ್ದು. ಒಂದು ದರ್ಶನದ ನಡುಗಂಬದಂತಿರುವ ಪದವನ್ನು ಕಿತ್ತು ತಂದು ಇನ್ನೊಂದರ ತೊಲೆಗೆ ಬಳಸುವುದು ಎರಡಕ್ಕೂ ಅನ್ಯಾಯವೆಂದು ನನಗನ್ನಿಸುತ್ತದೆ. ಪತ್ರಿಕೆಗಳಲ್ಲಿ ‘ಸಸಿ ನೆಡುವ ಕಾಯಕ’ ಎಂದು ಬರೆಯುವಷ್ಟು ಅದು ಸಡಿಲವಾಗಿದೆ ಎನ್ನುವವರಿದ್ದಾರೆ. ಸಡಿಲವಾಗಿದ್ದರೆ ಅದು ನನ್ನ ಕೆಲಸಕ್ಕೆ ಇನ್ನೂ ಕಡಿಮೆ ಒದಗುತ್ತದೆ.

ಇನ್ನು ‘ಇಂಟಗ್ರೇಶನ್’. ನಂಬಿಕೆಯನ್ನೂ ವಿದ್ಯೆಯನ್ನೂ ಕೂಡಿಸುವುದು ಎಂಬ ಅರ್ಥದ ಈ ಪದ 20ನೆಯ ಶತಮಾನದ ಅಮೆರಿಕದ ಕ್ರೈಸ್ತ ಕಾಲೇಜುಗಳಲ್ಲಿ ಚಲಾವಣೆಗೆ ಬಂತು. ಅದರ ಹಿಂದೆ ಡಚ್ ಚಿಂತಕ ಅಬ್ರಹಾಂ ಕೈಪರ್ 1880ರಲ್ಲಿ ಆಮ್ಸ್ಟರ್ಡ್ಯಾಮಿನಲ್ಲಿ ಫ್ರೀ ಯೂನಿವರ್ಸಿಟಿಯನ್ನು ತೆರೆದಾಗ ಮಂಡಿಸಿದ ವಿಚಾರದ ಪ್ರಭಾವವಿದೆ. ಬದುಕಿನ ಯಾವ ಕ್ಷೇತ್ರವೂ ಕ್ರಿಸ್ತನ ಒಡೆತನದ ಹೊರಗಿಲ್ಲ, ಆದರೆ ವಿದ್ಯಾಕ್ಷೇತ್ರಕ್ಕೆ ಸರಕಾರವಾಗಲಿ ಚರ್ಚ್ ಆಗಲಿ ಯಜಮಾನನಲ್ಲ ಎಂಬುದು ಅದರ ಸಾರ. ಇದಕ್ಕೆ ‘ಏಕೀಕರಣ’ ಎಂದರೆ ಕನ್ನಡ ಓದುಗನಿಗೆ 1956 ನೆನಪಾಗುವುದಷ್ಟೇ ಅಲ್ಲ, ಎರಡೂ ಕರಗಿ ಒಂದಾಗಬೇಕೆಂಬ ಧ್ವನಿಯೂ ಬರುತ್ತದೆ. ‘ಸಮನ್ವಯ’ ಎಂದರೆ ಮೊದಲೇ ವಿರೋಧವಿತ್ತೆಂದು ಒಪ್ಪಿಕೊಂಡಂತೆ. ಧರ್ಮಶಾಸ್ತ್ರ ಓದಲು ಟ್ಯೂಬಿಂಗೆನ್ನಿಗೆ ಹೋಗಿ ಖಗೋಳಜ್ಞನಾದ ಕೆಪ್ಲರ್, ತನ್ನ ಶ್ರಮದಿಂದ ಖಗೋಳಶಾಸ್ತ್ರದಲ್ಲಿಯೂ ದೇವರ ಮಹಿಮೆ ಬೆಳಗುತ್ತಿದೆಯೆಂದು ಗುರುವಿಗೆ 1595ರಲ್ಲಿ ಬರೆದಾಗ, ಅವನಿಗೆ ಅಂಥ ವಿರೋಧವೇನೂ ಕಂಡಿರಲಿಲ್ಲ. ಇನ್ನೊಂದು ಕಡೆ, ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿ ಬರೆದ ಜಾರ್ಜ್ ಲಮೇತ್ರ್ ಸ್ವತಃ ಪಾದ್ರಿಯಾಗಿದ್ದರೂ, ತನ್ನ ಸಿದ್ಧಾಂತವನ್ನು ಸೃಷ್ಟಿಯ ಕುರಿತ ಧರ್ಮೋಪದೇಶಕ್ಕೆ ಪುರಾವೆಯಾಗಿ ಹಿಡಿಯುವುದನ್ನು ಒಪ್ಪಲಿಲ್ಲ. ಕೆಪ್ಲರನನ್ನೂ ಲಮೇತ್ರನನ್ನೂ ಒಳಗೊಳ್ಳುವ ಪದ ಬೇಕೆಂದಾದರೆ ‘ಒಡನಾಟ’ವೇ ವಾಸಿಯೆಂದು ನನ್ನ ಈಗಿನ ಅನಿಸಿಕೆ: ‘ನಂಬಿಕೆ ಮತ್ತು ವಿದ್ಯೆಯ ಒಡನಾಟ’. ವಿದ್ವತ್ಪದದ ಬಿಗಿ ಅದಕ್ಕಿಲ್ಲವೆಂಬ ಆಕ್ಷೇಪವನ್ನು ನಿರೀಕ್ಷಿಸುತ್ತೇನೆ.

‘ಫೇತ್’ಗೆ ಪ್ರಾಟೆಸ್ಟಂಟರ ‘ನಂಬಿಕೆ’ಯನ್ನೇ ಇಟ್ಟುಕೊಂಡಿದ್ದೇನೆ. ಕಥೋಲಿಕರ ‘ವಿಶ್ವಾಸ’ ಸಭೆಯೊಳಗೆ ಖಚಿತವಾದ ಪದವಾದರೂ, ಹೊರಗಿನವರಿಗೆ ‘ಪ್ರೀತಿ ವಿಶ್ವಾಸ’ದ ವಿಶ್ವಾಸವಾಗಿ ಕೇಳಿಸೀತು.

ಸದ್ಯಕ್ಕೆ ‘ಪ್ರೊಫೆಶನ್’ಗೆ ವೃತ್ತಿ, ‘ವೊಕೇಶನ್’ಗೆ ಕರೆ ಎಂದು ಇಟ್ಟುಕೊಂಡು, ಮೊದಲ ಬಳಕೆಯಲ್ಲಿ ‘ವೃತ್ತಿಯಲ್ಲಿ ಕೇಳುವ ದೇವರ ಕರೆ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಹಳೆಯ ಕನ್ನಡ ಬೈಬಲ್ ಕೆಲವು ಕಡೆ ನಾಮಪದದ ಗೋಜಿಗೇ ಹೋಗದೆ ‘ಕರೆದದ್ದು’ ಎಂದು ಕ್ರಿಯೆಯಲ್ಲೇ ಹೇಳಿ ಮುಗಿಸುತ್ತದೆ. ಆ ಜಾಣತನ ಇಡೀ ಪುಸ್ತಕಕ್ಕೆ ಒದಗೀತೇ ಎಂಬ ಅನುಮಾನ ನನಗಿದೆ. ಸದಸ್ಯರಲ್ಲಿ ನನ್ನ ಪ್ರಶ್ನೆಗಳು ಇವು. ಧಾರವಾಡ, ಬಳ್ಳಾರಿ, ಕೊಡಗು ಕಡೆಯ ಸಭೆಗಳಲ್ಲಿ ಶಿಕ್ಷಕರು, ದಾದಿಯರು, ಎಂಜಿನಿಯರುಗಳು ತಮ್ಮ ಕೆಲಸವನ್ನು ಕುರಿತು ‘ಕರೆ’ ಎಂದು ಹೇಳಿಕೊಳ್ಳುವುದುಂಟೆ? ಇಲ್ಲವಾದರೆ, ಅದೇ ಭಾವಕ್ಕೆ ಅವರ ಬಾಯಲ್ಲಿ ಬೇರೆ ಯಾವ ಮಾತಿದೆ? ‘ಒಡನಾಟ’ಕ್ಕಿಂತ ಬಿಗಿಯಾದ, ‘ಸಮನ್ವಯ’ಕ್ಕಿಂತ ಹಗುರಾದ ಪದ ಯಾರ ನೆನಪಿಗಾದರೂ ಬರುತ್ತದೆಯೆ?

ವಂದನೆಗಳು.