ಉಬುಂಟುವಿನಲ್ಲಿ ಹೆಡ್‌ಸೆಟ್ ಮೈಕ್ ಕಾಣುತ್ತಿಲ್ಲ: ಕೋಡೆಕ್ ಸೆಟ್ಟಿಂಗ್ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಇದೆ, ಕೋಡೆಕ್ (ಧ್ವನಿ ನೋಡಿಕೊಳ್ಳುವ ಚಿಪ್) ರಿಯಲ್‌ಟೆಕ್ ಎಎಲ್‌ಸಿ256, ಜ್ಯಾಕ್ ಒಂದೇ. ಇಯರ್‌ಫೋನಿನಲ್ಲಿ ಹಾಡು ಕೇಳುತ್ತದೆ, ಅದರ ಮೈಕ್ ಮಾತ್ರ ಸೆಟ್ಟಿಂಗ್ಸ್‌ನಲ್ಲಿ ಕಾಣಿಸುವುದೇ ಇಲ್ಲ. ಒಳಗಿನ ಮೈಕಿನಲ್ಲಿ ರೆಕಾರ್ಡ್ ಆಗುತ್ತದೆ, ಆದರೆ ಆನ್‌ಲೈನ್ ಮೀಟಿಂಗಿನಲ್ಲಿ ಆ ಕಡೆಯವರಿಗೆ ಏನೂ ಕೇಳಿಸುವುದಿಲ್ಲ. ತಿಳಿದವರು ದಯವಿಟ್ಟು ಹೇಳಿ.

*

ಮೊದಲು ಪ್ಲಗ್ ನೋಡಿ ಸರ್. ಲೋಹದ ಮೇಲೆ ಮೂರು ಕಪ್ಪು ಗೆರೆ ಇದ್ದರೆ ನಾಲ್ಕು ಭಾಗದ ಪ್ಲಗ್, ಅದರಲ್ಲಿ ಮೈಕ್ ತಂತಿ ಇದೆ. ಎರಡೇ ಗೆರೆ ಇದ್ದರೆ ಕೋಡೆಕ್ ಮುಟ್ಟಬೇಡಿ. ಆ ಪ್ಲಗ್ಗಿನ ಉದ್ದನೆಯ ಬುಡ ಜ್ಯಾಕಿನೊಳಗೆ ಮೈಕ್ ಮತ್ತು ಗ್ರೌಂಡ್ ಎರಡನ್ನೂ ಒಟ್ಟಿಗೆ ಮುಟ್ಟುವುದರಿಂದ ಮೈಕ್ ಶಾರ್ಟ್ ಆಗಿಬಿಡುತ್ತದೆ. ಅಂಥ ಮೈಕಿಗೆ ಎರಡು ಕವಲಿನ ಸ್ಪ್ಲಿಟರ್ ಬೇಕು.

ನಾಲ್ಕು ಭಾಗದಲ್ಲೂ ಎರಡು ಜಾತಿ. ಸಿಟಿಐಎ ಕ್ರಮದಲ್ಲಿ ಮೈಕ್ ಬುಡದಲ್ಲಿರುತ್ತದೆ, ಹಳೆಯ ಓಎಂಟಿಪಿಯಲ್ಲಿ ಬುಡ ಗ್ರೌಂಡ್, ಮೈಕ್ ಅದರ ಮೇಲಿನ ಉಂಗುರದಲ್ಲಿ. ಹಾಡಿನಲ್ಲಿ ಗಾಯಕರ ದನಿ ಮಸುಕಾಗಿ, ವಾದ್ಯ ಮಾತ್ರ ಟೊಳ್ಳಾಗಿ ಕೇಳುತ್ತಿದೆಯಾ? ಇಯರ್‌ಫೋನಿನ ಗುಂಡಿ ಒತ್ತಿ ಹಿಡಿಯಿರಿ. ಒತ್ತಿದಾಗ ದನಿ ಸರಿಹೋದರೆ ನಿಮ್ಮದು ಓಎಂಟಿಪಿ: ಗುಂಡಿ ಮೈಕನ್ನು ಗ್ರೌಂಡಿಗೆ ಸೇರಿಸುತ್ತದೆ, ಹಾಗಾಗಿ ಒತ್ತಿರುವಷ್ಟು ಹೊತ್ತು ಗ್ರೌಂಡ್ ಸಿಗುತ್ತದೆ. ಅಡಾಪ್ಟರ್ ಹಾಕಿಕೊಳ್ಳಿ.

*

ಪ್ಲಗ್ ಸರಿ ಇದ್ದರೆ ಮುಂದಿನ ಕೆಲಸ ಪಿನ್, ಅಂದರೆ ಕೋಡೆಕ್ಕಿಗೆ ಸ್ಪೀಕರ್, ಮೈಕ್ ಜೋಡಿಸುವ ಕಾಲು. ಎಚ್‌ಡಿಎ-ಜ್ಯಾಕ್-ರಿಟಾಸ್ಕ್ ಎಂಬ ಟೂಲ್ ಇದೆ, ಅಲ್ಸಾ-ಟೂಲ್ಸ್-ಗುಯಿ ಪ್ಯಾಕೇಜಿನಲ್ಲಿ ಬರುತ್ತದೆ. ತೆರೆದ ಮೇಲೆ ಮೇಲ್ಗಡೆ ರಿಯಲ್‌ಟೆಕ್ ಆರಿಸಿ, ಎಚ್‌ಡಿಎಂಐ ಕೋಡೆಕ್ ಅಲ್ಲ. 'ಶೋ ಅನ್‌ಕನೆಕ್ಟೆಡ್ ಪಿನ್ಸ್' ಟಿಕ್ ಮಾಡಿ. 256ರಲ್ಲಿ ಸಾಮಾನ್ಯವಾಗಿ 0ಎಕ್ಸ್14 ಸ್ಪೀಕರ್, 0ಎಕ್ಸ್21 ಹೆಡ್‌ಫೋನ್, 0ಎಕ್ಸ್12 ಒಳಗಿನ ಡಿಜಿಟಲ್ ಮೈಕ್, 0ಎಕ್ಸ್19 ಹೆಡ್‌ಸೆಟ್ ಮೈಕ್. 19ರ ಮೌಲ್ಯ 0ಎಕ್ಸ್411111ಎಫ್0 ಅಂತಿದ್ದರೆ ಬಯೋಸ್ (ಲ್ಯಾಪ್‌ಟಾಪಿನ ಮೂಲ ಫರ್ಮ್‌ವೇರ್) ಆ ಪಿನ್ನಿಗೆ 'ಏನೂ ಜೋಡಿಸಿಲ್ಲ' ಎಂದು ಬರೆದಿಟ್ಟಿದೆ ಅಂತ ಅರ್ಥ. ನಿಮ್ಮ ಮೈಕ್ ಕಾಣದಿರಲು ಇದೇ ಕಾರಣ ಇರಬಹುದು.

ಓವರ್‌ರೈಡ್ ಒತ್ತಿ ಮೈಕ್ರೊಫೋನ್ ಆರಿಸಿ. ಅಡ್ವಾನ್ಸ್‌ಡ್‌ನಲ್ಲಿ ಜ್ಯಾಕ್ ಡಿಟೆಕ್ಷನ್ 'ನಾಟ್ ಪ್ರೆಸೆಂಟ್' ಇಡಿ. ಚುಚ್ಚಿದ್ದನ್ನು ಗುರುತಿಸುವುದು 21, ಅನೇಕ ಲ್ಯಾಪ್‌ಟಾಪ್‌ಗಳಲ್ಲಿ 19ಕ್ಕೆ ಸ್ವಂತ ಸಂವೇದನೆ ಇಲ್ಲ. 'ಪ್ರೆಸೆಂಟ್' ಇಟ್ಟರೆ ಮೈಕ್ ಯಾವಾಗಲೂ 'ಅನ್‌ಪ್ಲಗ್ಡ್' ಅಂತಲೇ ಕೂರುತ್ತದೆ. 'ಅಪ್ಲೈ ನೌ' ಒತ್ತಿದಾಗ ಸಾಧನ ಬಿಝಿ ಎಂದರೆ ಪೈಪ್‌ವೈರ್ (ಉಬುಂಟುವಿನ ಧ್ವನಿ ಸೇವೆ) ಅದನ್ನು ಹಿಡಿದುಕೊಂಡಿದೆ. 'ಇನ್‌ಸ್ಟಾಲ್ ಬೂಟ್ ಓವರ್‌ರೈಡ್' ಮಾಡಿ ರೀಬೂಟ್ ಮಾಡಿ.

*

ಮೇಲಿನ ವಿಧಾನ ಸರಿ, ಆದರೆ ನನ್ನ ಮಟ್ಟಿಗೆ ಅದು ಎರಡನೇ ದಾರಿ. ಪಿನ್ ಬದಲಿಸಿದರೆ 'ಇಲ್ಲೊಂದು ಮೈಕ್ ಇದೆ' ಎಂದು ಹೇಳಿದಂತಾಯಿತು, ಅಷ್ಟೆ. ಕಾಂಬೋ ಜ್ಯಾಕಿನಲ್ಲಿ (ಹೆಡ್‌ಫೋನ್, ಮೈಕ್ ಎರಡಕ್ಕೂ ಒಂದೇ ಜ್ಯಾಕ್) ಬುಡವನ್ನು ಮೈಕಿಗೆ ತಿರುಗಿಸುವ ಕೆಲಸ ಕೋಡೆಕ್ಕಿನ ಒಳ ರಿಜಿಸ್ಟರ್‌ಗಳದು. ಅವುಗಳನ್ನು ಬರೆಯುವುದು ಡ್ರೈವರಿನ ಹೆಡ್‌ಸೆಟ್ ಫಿಕ್ಸಪ್ (ಆಯಾ ಮಾದರಿಗೆಂದು ಬರೆದ ತಿದ್ದುಪಡಿ). ಅದಿಲ್ಲದೆ ಪಟ್ಟಿಯಲ್ಲಿ ಮೈಕ್ ಬಂದರೂ ಮೌನವೇ.

ಹಾಗಾಗಿ ಮೊದಲು ಮಾಡೆಲ್ ಸಾಲು ಪ್ರಯತ್ನಿಸಿ. ಇಟಿಸಿ ಒಳಗಿನ ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಒಂದು ಫೈಲ್, ಅದರಲ್ಲಿ ಎಸ್‌ಎನ್‌ಡಿ-ಎಚ್‌ಡಿಎ-ಇಂಟೆಲ್‌ಗೆ ಆಪ್ಷನ್ಸ್ ಸಾಲು: ಮಾಡೆಲ್=ಡೆಲ್-ಹೆಡ್‌ಸೆಟ್-ಮಲ್ಟಿ. ಹೆಸರು ಡೆಲ್ ಆದರೂ ಬೇರೆ ಕಂಪನಿಯ ಲ್ಯಾಪ್‌ಟಾಪಿಗೂ ಕೆಲವೊಮ್ಮೆ ಒಗ್ಗುತ್ತದೆ. ಆಗದಿದ್ದರೆ ಹೆಡ್‌ಸೆಟ್-ಮೋಡ್ ನೋಡಿ. ಎಚ್‌ಡಿಎಂಐ ಮೊದಲನೇ ಕಾರ್ಡಾಗಿದ್ದರೆ 'ಆಟೋ,ಡೆಲ್-ಹೆಡ್‌ಸೆಟ್-ಮಲ್ಟಿ' ಎಂದು ಅಲ್ಪವಿರಾಮ ಹಾಕಿ, ಜಾಗ ಬಿಡದೆ ಬರೆಯಬೇಕು, ಇಲ್ಲದಿದ್ದರೆ ಆಯ್ಕೆ ತಪ್ಪು ಕಾರ್ಡಿಗೆ ಹೋಗುತ್ತದೆ.

ಪ್ರತಿ ಸಲ ಪೂರ್ತಿ ಶಟ್‌ಡೌನ್ ಮಾಡಿ, ಬರೀ ರೀಸ್ಟಾರ್ಟ್ ಸಾಲದು. ರೀಸ್ಟಾರ್ಟಿನಲ್ಲಿ ಕೋಡೆಕ್ಕಿಗೆ ಕರೆಂಟ್ ಹೋಗದೆ ಹಳೆಯ ರಿಜಿಸ್ಟರ್ ಮೌಲ್ಯಗಳು ಉಳಿದು ದಾರಿ ತಪ್ಪಿಸುತ್ತವೆ. ಆಮೇಲೆ ಕರ್ನಲ್ ಲಾಗ್‌ನಲ್ಲಿ 'ಹೆಡ್‌ಸೆಟ್ ಮೈಕ್=0ಎಕ್ಸ್19' ಎಂಬ ಸಾಲು ಬಂದಿದೆಯಾ ನೋಡಿ. ಬಂದಿದ್ದರೆ ಫಿಕ್ಸಪ್ ಹತ್ತಿದೆ.

*

ಆ ಸಾಲು ಹಾಕುವ ಮುಂಚೆ ಡ್ರೈವರ್ ಯಾವುದೆಂದು ನೋಡಿಕೊಳ್ಳಿ. ಎರೆಕಾರ್ಡ್ (arecord) ಆದೇಶಕ್ಕೆ ಮೈನಸ್ ಎಲ್ ಸೇರಿಸಿ ಓಡಿಸಿ. ಪಟ್ಟಿಯಲ್ಲಿ 'ಡಿಎಂಐಸಿ' (ಡಿಜಿಟಲ್ ಮೈಕ್) ಎಂದು ಬೇರೆ ಸಾಧನ ಬಂದರೆ ಇಂಟೆಲ್‌ನ ಸಾಫ್ (ಸೌಂಡ್ ಓಪನ್ ಫರ್ಮ್‌ವೇರ್) ಡ್ರೈವರ್ ಓಡುತ್ತಿದೆ. ಆಗ ಮೇಲಿನ ಮಾಡೆಲ್ ಸಾಲನ್ನು ಯಾರೂ ಓದುವುದಿಲ್ಲ. ಸಾಫ್‌ಗೆ ಎಚ್‌ಡಿಎ_ಮಾಡೆಲ್ ಎಂಬ ತನ್ನದೇ ಆಯ್ಕೆ ಇದೆ. ಡಿಎಸ್‌ಪಿ_ಡ್ರೈವರ್=1 ಹಾಕಿ ಹಳೆಯ ಡ್ರೈವರಿಗೆ ಮರಳಿ ಎಂದು ಬಹಳ ಜನ ಹೇಳುತ್ತಾರೆ. ದಯವಿಟ್ಟು ಬೇಡ. ಸ್ಪೀಕರ್ ಬರುತ್ತದೆ, ಆದರೆ ಅಂಥ ಲ್ಯಾಪ್‌ಟಾಪಿನಲ್ಲಿ ಒಳಗಿನ ಮೈಕ್ ಕೋಡೆಕ್ಕಿಗಲ್ಲ, ನೇರ ಚಿಪ್‌ಸೆಟ್ಟಿಗೆ ಜೋಡಿಸಿರುವುದರಿಂದ ಅದು ಮಾಯವಾಗುತ್ತದೆ.

*

ಒಳಗಿನ ಮೈಕಿನ ಮೌನಕ್ಕೆ ಕಾರಣ ಬೇರೆ ಇರಬಹುದು. ಕೆಲವು ಲ್ಯಾಪ್‌ಟಾಪಿನಲ್ಲಿ ಬಲ ಚಾನೆಲ್ ಎಡದ ತಲೆಕೆಳಗಾದ ಪ್ರತಿಯಾಗಿ ಬರುತ್ತದೆ. ಸ್ಟೀರಿಯೊ ರೆಕಾರ್ಡಿಂಗ್ ಚೆನ್ನಾಗಿಯೇ ಕೇಳುತ್ತದೆ. ಮೀಟಿಂಗ್ ಆ್ಯಪ್ ಎರಡನ್ನೂ ಕೂಡಿಸಿ ಮೋನೋ ಮಾಡಿದಾಗ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ಉಳಿಯುತ್ತದೆ. ಪಾವುಕಂಟ್ರೋಲ್ ಎಂಬ ಧ್ವನಿ ಆ್ಯಪ್‌ನ ಇನ್‌ಪುಟ್ ಪುಟದಲ್ಲಿ ಬೀಗದ ಗುರುತು ಬಿಚ್ಚಿ, ಬಲ ಚಾನೆಲನ್ನು ಸೊನ್ನೆಗೆ ಇಳಿಸಿ ನೋಡಿ. ಆ ಕ್ಷಣದಲ್ಲೇ ದನಿ ಬಂದರೆ ರೋಗ ಇದೇ.

ಟರ್ಮಿನಲ್ಲಿನ ಅಲ್ಸಾಮಿಕ್ಸರ್‌ನಲ್ಲಿ ಎಫ್6 ಒತ್ತಿ ಕಾರ್ಡ್, ಎಫ್4 ಒತ್ತಿ ಕ್ಯಾಪ್ಚರ್ ಪುಟ ತೆರೆಯಿರಿ. ಮೈಕ್ ಬೂಸ್ಟ್ ಸಾಮಾನ್ಯವಾಗಿ 10 ಡೆಸಿಬೆಲ್‌ನ ಮೆಟ್ಟಿಲಲ್ಲಿ 30ರ ತನಕ ಏರುತ್ತದೆ. 10 ಸಾಕು, 30ಕ್ಕೆ ಇಟ್ಟರೆ ಫ್ಯಾನಿನ ಸದ್ದು, ಹಿಸ್ಸೆನ್ನುವ ಸದ್ದು ಎರಡೂ ಮಾತಿನ ಜೊತೆ ಏರುತ್ತವೆ.

*

ಪ್ರಶ್ನೆ ಕೇಳಿದವರಿಂದ: ಬೂಟ್ ಓವರ್‌ರೈಡ್ ಹಾಕಿ ಇದ್ದ ಸ್ಪೀಕರೂ ಹೋದರೆ?

*

ಅದೇ ಟೂಲಿನಲ್ಲಿ 'ರಿಮೂವ್ ಬೂಟ್ ಓವರ್‌ರೈಡ್' ಇದೆ. ಟೂಲ್ ತೆರೆಯದಿದ್ದರೆ ಮಾಡ್‌ಪ್ರೋಬ್.ಡಿಯಲ್ಲಿರುವ ಎಚ್‌ಡಿಎ-ಜ್ಯಾಕ್-ರಿಟಾಸ್ಕ್ ಫೈಲ್ ಅಳಿಸಿ ಶಟ್‌ಡೌನ್ ಮಾಡಿ. ಮಾಡೆಲ್ ಸಾಲು, ಪಿನ್ ಓವರ್‌ರೈಡ್ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ.