ದೊಡ್ಡಮನೆ ಗುಂಪು, ಸೆಪ್ಟೆಂಬರ್ 7

ದೊಡ್ಡಪ್ಪ: (ಫಾರ್ವರ್ಡ್) 🔥🔥 1965ರ ಯುದ್ಧದಲ್ಲಿ ಕೊಡಗಿನ ಹುಲಿ ಪೈಲಟ್ ದೇವಯ್ಯ ಒಬ್ಬರೇ ಹೋಗಿ ಪಾಕಿಸ್ತಾನದ ವಾಯುಪಡೆ ಹೆಡ್‌ಕ್ವಾರ್ಟರ್ಸ್ ಸರ್ಗೋಧಾವನ್ನ ಬೂದಿ ಮಾಡಿ ಬಂದ ದಿನ ಇಂದು!! ಮರುದಿನವೇ ಮಹಾವೀರ ಚಕ್ರ!! 20 ಜನಕ್ಕೆ ಕಳಿಸಿ

ಲತಾ ಚಿಕ್ಕಮ್ಮ: 🙏🙏 ನಮ್ಮೂರ ಹೆಮ್ಮೆ

ರವಿ ಬಾವ: ಮಾವ ಇದು ಎಲ್ಲಿಂದ ಬಂತು? ಹೆಡ್‌ಕ್ವಾರ್ಟರ್ಸ್ ಆಗ ಪೇಶಾವರದಲ್ಲಿತ್ತು, ಸರ್ಗೋಧಾ ಅವರ ದೊಡ್ಡ ಏರ್‌ಬೇಸ್. ಒಬ್ರೇನೂ ಹೋಗಿಲ್ಲ, ಪಂಜಾಬಿನ ಆದಂಪುರದಿಂದ ತಂಡಾನೇ ಹೋಗಿತ್ತು. ಮತ್ತೆ ಬೂದಿ ಮಾಡಿ "ಬಂದ" ಅಂತೆ, ಅವ್ರು ವಾಪಸ್ಸೇ ಬರ್ಲಿಲ್ವಲ್ಲ

ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ಪ್ರಾಣ ಕೊಟ್ಟೋರ ವಿಷಯದಲ್ಲಿ ತಲೆ ಬಗ್ಗಿಸ್ಬೇಕು ಕಣಯ್ಯಾ, ತಕ್ಕಡಿ ಹಿಡೀಬಾರ್ದು

ರವಿ ಬಾವ: 2018ರ ಮಳೇಲಿ ಡ್ಯಾಮ್ ಒಡೀತು ಅಂತ ನೀವು ಕಳ್ಸಿದ್ದಕ್ಕೆ ಅತ್ತೇನ ರಾತ್ರೋರಾತ್ರಿ ಜೀಪಲ್ಲಿ ಕೂರಿಸ್ಕೊಂಡು ಹೋಗಿದ್ದು ನಾನು, ಅದಕ್ಕೇ ಕೇಳ್ದೆ

ದೊಡ್ಡಪ್ಪ: ಅದನ್ನ ಇನ್ನೆಷ್ಟು ವರ್ಷ ಹೇಳ್ತೀಯ

ಪುಟ್ಟಣ್ಣ ಮೈಸೂರು: ಯುದ್ಧದ ಸುದ್ದಿ ಅಜ್ಜ ರೇಡಿಯೋದಲ್ಲೇ ಕೇಳಿದ್ದಂತೆ, ಚರ್ಮದ ಕವರಿನ ರೇಡಿಯೋ, ಕಣದಲ್ಲಿ ಕಾಫಿ ಹರವಿರೋವಾಗ ಕಿಟಕಿ ಮೇಲಿಡೋರು. ಅದು ಈಗ ಯಾರ ಮನೇಲಿದೆ?

ಲತಾ ಚಿಕ್ಕಮ್ಮ: ಪಾಲು ಆದಾಗ ನಮಗಂತೂ ಕೊಟ್ಟಿಲ್ಲ

ದೊಡ್ಡಪ್ಪ: ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಸೆರೆಯಿಂದ ಬಿಟ್ಟುಬಿಡ್ತೀನಿ ಅಂದ್ರೂ ಬೇಡ ಅಂದ ಊರು ನಮ್ದು

ರವಿ ಬಾವ: ಅದು ಬೇರೆ ಮಾವ, ಜನರಲ್ ಕಾರ್ಯಪ್ಪನವರ ಮಗ ನಂದಾ. ಸೆ. 22ಕ್ಕೆ ಹಂಟರ್ ವಿಮಾನ ಬಿದ್ದು ಸೆರೆ ಸಿಕ್ಕಿದ್ರು

ನಾನು: ರೇಡಿಯೋ ಆಮೇಲೆ ನೋಡೋಣ, ಒಂದ್ ನಿಮಿಷ ಇದನ್ನ ಓದಿ. ದೇವಯ್ಯನವರು ಆವತ್ತು ಸ್ಟ್ಯಾಂಡ್‌ಬೈ, ಯಾರಾದ್ರೂ ಹಿಂದೆ ಸರಿದ್ರೆ ಮಾತ್ರ ಹೋಗ್ಬೇಕಿತ್ತು, ಆದ್ರೂ ಹೋದ್ರು. ಅವರದ್ದು ಮಿಸ್ಟೇರ್ ಅನ್ನೋ ನಿಧಾನದ ಯುದ್ಧವಿಮಾನ, ಅಟ್ಟಿಸ್ಕೊಂಡ್ ಬಂದಿದ್ದು ಪಾಕಿಸ್ತಾನದ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ್ದು. ಏಟು ಬಿದ್ಮೇಲೂ ಓಡ್ಲಿಲ್ಲ, ತಿರುಗಿ ಅದನ್ನ ಹೊಡೆದ್ರು, ಅದರ ಪೈಲಟ್ ಅಮ್ಜದ್ ಹುಸೇನ್ ವಿಮಾನದಿಂದ ಹೊರಗೆ ಹಾರಿ ಬದುಕ್ಕೊಂಡ, ಇವರು ಉಳೀಲಿಲ್ಲ. ಜೊತೆಯವರಿಗೆ ಇದ್ಯಾವುದೂ ಗೊತ್ತಾಗ್ಲಿಲ್ಲ, ನಮ್ಮ ಕಡೆ ಲೆಕ್ಕದಲ್ಲಿ "ಕಾಣೆ" ಅಷ್ಟೇ. 1979ರಲ್ಲಿ ಒಬ್ಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಕಡೆಯಿಂದ ಕೇಳಿ ಬರೆದ್ಮೇಲೆ ವಿಷಯ ಹೊರಗ್ ಬಂತು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. 23 ವರ್ಷ ದೊಡ್ಡಪ್ಪ! "ಮರುದಿನವೇ" ಅಂದ್ರೆ ಮನೆಯವರು ಕಾದ ಆ 23 ವರ್ಷಾನೇ ಅಳಿಸಿ ಹಾಕ್ದಂಗೆ ಆಗುತ್ತೆ, ನಂಗೆ ಅದೇ ಸಂಕಟ

ಪುಟ್ಟಣ್ಣ ಮೈಸೂರು: ಇದು ಗೊತ್ತೇ ಇರ್ಲಿಲ್ಲ

ದೊಡ್ಡಪ್ಪ: ಸರಿ ಮಗ, ಇದನ್ನೇ ಚೆನ್ನಾಗಿ ಬರ್ದು ಕೊಡು, ಎಕ್ಸ್‌ ಸರ್ವಿಸ್‌ಮೆನ್ ಗುಂಪಿಗೆ ಹಾಕ್ತೀನಿ. ನೀನು ಹೇಳಿದ್ದಕ್ಕೆ, ರವಿ ಹೇಳಿದ್ದಕ್ಕಲ್ಲ

ರವಿ ಬಾವ: ನಾನು ಹೇಳಿದ್ದೂ ಅದೇ ಅಲ್ವಾ ಮಾವ

ದೊಡ್ಡಪ್ಪ: ಹೋದ ವರ್ಷ ಮೆಣಸು ಕುಯ್ಯೋಕೆ ತಗೊಂಡ್ ಹೋದ ಏಣಿ ಮೊದ್ಲು ವಾಪಸ್ ತಂದಿಡು