ಆರೋಗ್ಯ, ದೀರ್ಘಾಯುಷ್ಯದ ಬಗ್ಗೆ ನಂಬಬಹುದಾದ ಆನ್‌ಲೈನ್ ಗುಂಪುಗಳು ಇವೆಯಾ?

ಮುಂಜಾನೆ_ಓಟ:

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತು ದಾಟಿದೆ. ನೂರು ವರ್ಷ ಬದುಕಲೇಬೇಕು ಅನ್ನುವ ಹಟ ಇಲ್ಲ. ಆದರೆ ಇರುವಷ್ಟು ದಿನ ಮೆಟ್ಟಿಲು ಹತ್ತುವ ಶಕ್ತಿ ಇರಬೇಕು, ನೆನಪು ಗಟ್ಟಿಯಾಗಿರಬೇಕು, ಯಾರಿಗೂ ಹೊರೆಯಾಗಬಾರದು ಅನ್ನುವ ಆಸೆ ತುಂಬಾ ಇದೆ. ಅದಕ್ಕೇ ಈ ಲಾಂಜೆವಿಟಿ, ಅಂದರೆ ದೀರ್ಘಾಯುಷ್ಯದ ವಿಷಯ ಓದುತ್ತಿದ್ದೇನೆ. ಒಬ್ಬನೇ ಓದಿದರೆ ಸಾಲುತ್ತಿಲ್ಲ. ಒಂದು ಸಂಶೋಧನೆಯನ್ನು ಜೊತೆಗೆ ಕೂತು ಓದಿ, ಇದರಲ್ಲಿ ಇಷ್ಟು ಗಟ್ಟಿ, ಇಷ್ಟು ಬರೀ ಊಹೆ ಅಂತ ಬಿಡಿಸಿ ಹೇಳುವವರು ಬೇಕು.

ಕೆಲವು ಗುಂಪುಗಳಿಗೆ ಸೇರಿ ನೋಡಿದೆ. ನಿದ್ದೆ ಬರಲ್ಲ ಅನ್ನಲಿ, ಮಂಡಿ ನೋವು ಅನ್ನಲಿ, ಯಾರು ಏನೇ ಕೇಳಿದರೂ ಉತ್ತರ ಒಂದು ಕ್ಯಾಪ್ಸೂಲ್, ಅದರ ಹಿಂದೆಯೇ ಒಂದು ಡಿಸ್ಕೌಂಟ್ ಕೋಡ್. ಇನ್ನೂ ಭಯ ಆಗುವ ವಿಷಯ ಅಂದರೆ, ಯಾರೋ ಬ್ಲಡ್ ರಿಪೋರ್ಟ್ ಹಾಕಿದರೆ ಸಾಕು, ಮುಖ ನೋಡದ ಜನ ಅವರಿಗೆ ಬಿಪಿ ಮಾತ್ರೆ ನಿಲ್ಲಿಸಿ ಅಂತ ಹೇಳಿಬಿಡುತ್ತಾರೆ.

ಎಲ್ಲಿ ಸೇರಿದರೆ ಒಳ್ಳೆಯದು? ಒಂದು ಗುಂಪು ಸರಿಯಿದೆ ಅಂತ ನೀವು ಹೇಗೆ ತೀರ್ಮಾನ ಮಾಡುತ್ತೀರಿ?

ಓದುಗ_ನಿಧಾನ:

ಒಳ್ಳೆಯ ಪ್ರಶ್ನೆ. ಎಲ್ಲ ಗುಂಪುಗಳೂ ಒಂದೇ ಕೆಲಸಕ್ಕೆ ಆಗುವುದಿಲ್ಲ, ಅದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ. ಬರೀ ಸಂಶೋಧನೆಯ ಸುದ್ದಿ ಬೇಕು ಅಂದರೆ ರೆಡಿಟ್‌ನ ಲಾಂಜೆವಿಟಿ ಸಬ್‌ರೆಡಿಟ್ ನೋಡಿ. ಅಲ್ಲಿ ಮೂಲ ಲೇಖನದ ಲಿಂಕ್ ಸಿಗುತ್ತದೆ, ಕೆಳಗಿನ ಕಾಮೆಂಟ್‌ಗಳಲ್ಲಿ ಅದರ ದೌರ್ಬಲ್ಯ ತೋರಿಸುವವರೂ ಇರುತ್ತಾರೆ. ಬಯೋಹ್ಯಾಕರ್ಸ್, ಅಂದರೆ ತಮ್ಮ ದೇಹದ ಮೇಲೆ ತಾವೇ ಪ್ರಯೋಗ ಮಾಡಿಕೊಳ್ಳುವವರ ಸಬ್‌ರೆಡಿಟ್ ಕಡೆ ಹೋದರೆ ಸ್ವಂತ ಪ್ರಯೋಗಗಳೇ ಜಾಸ್ತಿ. ಕಾಳು, ಜೊಳ್ಳು ಎರಡೂ ಸಿಗುತ್ತವೆ, ಆರಿಸುವ ಕೆಲಸ ನಿಮ್ಮದು. ಲಾಂಜೆಸಿಟಿ ಅಂತ ಒಂದು ಹಳೆಯ ಜಾಗ ಇದೆ. 2002ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. ಹೊಸ ಚರ್ಚೆಗಿಂತ ಹಳೆಯ ದಾಖಲೆಗಳಿಗಾಗಿ ನಾನು ಅಲ್ಲಿಗೆ ಹೋಗುತ್ತೇನೆ. ಹತ್ತು ವರ್ಷದ ಹಿಂದೆ ಯಾವ ಮಾತ್ರೆಯನ್ನು ಎಲ್ಲರೂ ಹೊಗಳುತ್ತಿದ್ದರು, ಈಗ ಅದರ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ ಅನ್ನುವುದು ಅಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಗೌರವ ಇರುವುದು ಕ್ಯಾಲೊರಿ ರಿಸ್ಟ್ರಿಕ್ಷನ್ ಸೊಸೈಟಿ ಮೇಲೆ. ಸಿಆರ್ ಸೊಸೈಟಿ ಅಂತ ಕರೆಯುತ್ತಾರೆ. 1994ರಲ್ಲಿ ಶುರುವಾಯಿತು. ಕಟ್ಟಿದವರಲ್ಲಿ ಒಬ್ಬರು ರಾಯ್ ವಾಲ್ಫೋರ್ಡ್. ಬಯೋಸ್ಫಿಯರ್ 2 ಅನ್ನುವ, ಹೊರಗಿನಿಂದ ಪೂರ್ತಿ ಮುಚ್ಚಿದ ಪ್ರಯೋಗದ ಕಟ್ಟಡದೊಳಗೆ ಎರಡು ವರ್ಷ ಇದ್ದ ಡಾಕ್ಟರ್ ಅವರೇ. ಈ ಗುಂಪಿನವರು ಪೋಷಕಾಂಶ ಕಮ್ಮಿಯಾಗದ ಹಾಗೆ ನೋಡಿಕೊಂಡು ಕ್ಯಾಲೊರಿ ಕಡಿಮೆ ಮಾಡಿ ತಿನ್ನುತ್ತಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ, ಸಂಶೋಧಕರ ಮುಂದೆ ಹೋಗಿ ನಮ್ಮನ್ನು ಅಳೆದು ನೋಡಿ ಅಂತ ನಿಂತರು. 2004ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹೀಗೆ ಸರಾಸರಿ ಆರು ವರ್ಷ ತಿಂದಿದ್ದ 18 ಜನರನ್ನು ಪರೀಕ್ಷೆ ಮಾಡಿದ್ದರು. ಕೊಲೆಸ್ಟ್ರಾಲ್, ರಕ್ತದೊತ್ತಡ ಎಲ್ಲವೂ ಅದೇ ವಯಸ್ಸಿನ ಬೇರೆಯವರಿಗಿಂತ ಎಷ್ಟೋ ಚೆನ್ನಾಗಿತ್ತು. 18 ಜನ ಅಂದರೆ ಚಿಕ್ಕ ಸಂಖ್ಯೆ, ಅವರೆಲ್ಲ ತಾವಾಗಿಯೇ ಆ ದಾರಿ ಹಿಡಿದವರು, ಅದೂ ನಿಜ. ಆದರೂ ಒಂದು ಗುಂಪು ಸಂಶೋಧನೆಗೆ ಏನಾದರೂ ವಾಪಸ್ ಕೊಡುವುದು ಅಂದರೆ ಇದೇ ಅಲ್ವಾ.

ಆಮೇಲೆ ಕ್ಯಾಲರಿ ಅನ್ನುವ ಹೆಸರಿನ ದೊಡ್ಡ ಟ್ರಯಲ್ ನಡೆಯಿತು. ಬೊಜ್ಜು ಇಲ್ಲದ ಸುಮಾರು 220 ಜನ, ಎರಡು ವರ್ಷ. 25% ಕಡಿಮೆ ತಿನ್ನಬೇಕು ಅಂತ ಗುರಿ ಇತ್ತು, ಅವರ ಕೈಲಾದದ್ದು ಸುಮಾರು 12%. ಅಷ್ಟಕ್ಕೇ ಹೃದಯದ ಅಪಾಯದ ಸೂಚಕಗಳು ಇಳಿದವು. ಜೊತೆಗೆ ಸೊಂಟ, ಬೆನ್ನೆಲುಬಿನ ಮೂಳೆ ಸಾಂದ್ರತೆಯೂ ಸ್ವಲ್ಪ ಇಳಿಯಿತು. ಯಾವುದೇ ಗುಂಪಿನಲ್ಲಿ ಉಪವಾಸದ ಮಾತು ಬಂದಾಗ ಈ ಮೂಳೆಯ ವಿಷಯವನ್ನು ಯಾರಾದರೂ ಎತ್ತುತ್ತಾರಾ ಅಂತ ನೋಡಿ. ಯಾರೂ ಎತ್ತದಿದ್ದರೆ ನಾನು ಅಲ್ಲಿ ಜಾಸ್ತಿ ದಿನ ಇರುವುದಿಲ್ಲ.

ಇಲಿಗಳ_ಲೆಕ್ಕ:

ಓದುಗ ಅವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಗುಂಪನ್ನು ಅಳೆಯಲು ನಾನು ಮಾಡುವುದು ಒಂದೇ ಕೆಲಸ. ಹುಡುಕುವ ಜಾಗದಲ್ಲಿ ರೆಸ್ವೆರಾಟ್ರಾಲ್ (ದ್ರಾಕ್ಷಿ ಸಿಪ್ಪೆ, ರೆಡ್ ವೈನ್‌ನಲ್ಲಿರುವ ಪದಾರ್ಥ, ಆಯುಷ್ಯ ಹೆಚ್ಚಿಸುತ್ತದೆ ಅಂತ ಹೊಗಳುತ್ತಿದ್ದದ್ದು) ಅಂತ ಹಾಕಿ ಹಳೆಯ ಚರ್ಚೆಗಳನ್ನು ಓದುತ್ತೇನೆ.

ಯಾಕೆ ಅಂದರೆ, ಒಂದು ಕಾಲದಲ್ಲಿ ಇದರಷ್ಟು ಸದ್ದು ಮಾಡಿದ್ದು ಬೇರೆ ಇರಲಿಲ್ಲ. ಈ ದಾರಿಯಲ್ಲಿ ಔಷಧಿ ಮಾಡಲು ಹೊರಟಿದ್ದ ಸರ್ಟ್ರಿಸ್ ಕಂಪನಿಯನ್ನು 2008ರಲ್ಲಿ ಗ್ಲಾಕ್ಸೋಸ್ಮಿತ್‌ಕ್ಲೈನ್ 72 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಅಮೆರಿಕದಲ್ಲಿ ಐಟಿಪಿ (ಇಂಟರ್ವೆನ್ಷನ್ಸ್ ಟೆಸ್ಟಿಂಗ್ ಪ್ರೋಗ್ರಾಂ) ಅನ್ನುವ ಸರ್ಕಾರಿ ಹಣದ ಕಾರ್ಯಕ್ರಮ ಇದೆ. ಒಂದೇ ಪದಾರ್ಥವನ್ನು ಮೂರು ಬೇರೆ ಬೇರೆ ಲ್ಯಾಬ್‌ಗಳಲ್ಲಿ, ಒಂದೇ ವಂಶದ್ದಲ್ಲದ, ಮಿಶ್ರ ತಳಿಯ ಇಲಿಗಳ ಮೇಲೆ ಪರೀಕ್ಷೆ ಮಾಡುತ್ತಾರೆ. ಅಲ್ಲಿ ರೆಸ್ವೆರಾಟ್ರಾಲ್ ಕೊಟ್ಟ ಇಲಿಗಳ ಆಯುಷ್ಯ ಹೆಚ್ಚಲಿಲ್ಲ. ಆಮೇಲೆ ಜನ ಮುಗಿಬಿದ್ದ ನಿಕೋಟಿನಮೈಡ್ ರೈಬೊಸೈಡ್ ಅನ್ನುವ, ಬಿ3 ವಿಟಮಿನ್‌ನ ಒಂದು ರೂಪದ ಸಪ್ಲಿಮೆಂಟ್ ಕೂಡ ಅಲ್ಲಿ ಗೆಲ್ಲಲಿಲ್ಲ. ಇನ್ನೊಂದು ಕಡೆ, 2009ರಲ್ಲಿ ಅದೇ ಐಟಿಪಿಯಲ್ಲಿ ರ‍್ಯಾಪಮೈಸಿನ್ ಗೆದ್ದಿತು. 600 ದಿನ ವಯಸ್ಸಾದ ಇಲಿಗಳಿಗೆ, ಅಂದರೆ ಆಗಲೇ ಮುದಿಯಾದವಕ್ಕೆ ಕೊಡಲು ಶುರು ಮಾಡಿದರೂ ಆಯುಷ್ಯ ಗಂಡಿನಲ್ಲಿ 9%, ಹೆಣ್ಣಿನಲ್ಲಿ 14% ಹೆಚ್ಚಿತು.

ಈಗ ನೋಡಿ, ಸೋತ ಫಲಿತಾಂಶವನ್ನೂ ಗೆದ್ದ ಫಲಿತಾಂಶದಷ್ಟೇ ಆಸಕ್ತಿಯಿಂದ ಚರ್ಚೆ ಮಾಡುವ ಗುಂಪು ಒಳ್ಳೆಯದು. ಸೋತದ್ದನ್ನು ಹಾಕಿದವನ ಮೇಲೆ ಎಲ್ಲರೂ ಮುಗಿಬಿದ್ದರೆ ಅದು ಅಭಿಮಾನಿ ಸಂಘ. ಗೆದ್ದ ರ‍್ಯಾಪಮೈಸಿನ್ ವಿಷಯದಲ್ಲೂ ಹಾಗೇ. ಅದು ಕಿಡ್ನಿ ಕಸಿ ಮಾಡಿದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಔಷಧಿ. ಬಾಯಿಹುಣ್ಣು, ಏರುವ ಕೊಲೆಸ್ಟ್ರಾಲ್ ಇವನ್ನೆಲ್ಲ ಬಚ್ಚಿಡದೆ ಬರೆಯುವವರು ಎಲ್ಲಿದ್ದಾರೋ ಅಲ್ಲಿ ಕೂತು ಓದಿ. ಡಾಕ್ಟರ್ ಇಲ್ಲದೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವ ದಾರಿ ಹೇಳಿಕೊಡುವವರು ಎಲ್ಲಿದ್ದಾರೋ ಅಲ್ಲಿಂದ ಹೊರಗೆ ಬನ್ನಿ.

ಸಕ್ಕರೆ ಕಾಯಿಲೆಗೆ ಕೊಡುವ ಮೆಟ್ಫಾರ್ಮಿನ್ ಮಾತ್ರೆ ಗುಂಪನ್ನು ಅಳೆಯಲು ಇನ್ನೊಂದು ಒಳ್ಳೆಯ ಪರೀಕ್ಷೆ. ಸಕ್ಕರೆ ಕಾಯಿಲೆ ಇಲ್ಲದವರೂ ನುಂಗುತ್ತಿದ್ದಾರೆ. 2019ರಲ್ಲಿ ಬಂದ ಒಂದು ಟ್ರಯಲ್‌ನಲ್ಲಿ 65 ದಾಟಿದವರಿಗೆ 14 ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಮೆಟ್ಫಾರ್ಮಿನ್ ತೆಗೆದುಕೊಂಡವರಲ್ಲಿ ಸ್ನಾಯು ಬೆಳೆದದ್ದು ಕಡಿಮೆ. ಇದನ್ನು ತಿಳಿಯದೆ ಜಿಮ್ ಮತ್ತು ಮೆಟ್ಫಾರ್ಮಿನ್ ಎರಡನ್ನೂ ಒಟ್ಟಿಗೆ ಶಿಫಾರಸು ಮಾಡುವ ಜನ ಬೇಕಾದಷ್ಟಿದ್ದಾರೆ.

ಮುಂಜಾನೆ_ಓಟ:

ಇಬ್ಬರಿಗೂ ತುಂಬಾ ಧನ್ಯವಾದ. ರೆಸ್ವೆರಾಟ್ರಾಲ್ ಉಪಾಯವನ್ನು ಈಗಲೇ ಮಾಡಿ ನೋಡುತ್ತೇನೆ. ಇನ್ನೊಂದು ಕೇಳಬೇಕಿತ್ತು. ಹೋದಲ್ಲೆಲ್ಲ ಜನ ತಮ್ಮ ಜೈವಿಕ ವಯಸ್ಸಿನ ಟೆಸ್ಟ್ ರಿಸಲ್ಟ್ ಹಾಕುತ್ತಾರೆ, ನನಗೆ 45 ಆದರೆ ದೇಹಕ್ಕೆ 36 ಅಂತ. ಕೆಲವು ಕಡೆ ರ‍್ಯಾಂಕ್ ಪಟ್ಟಿಯೇ ಇದೆ. ಇದಕ್ಕೆ ಬೆಲೆ ಇದೆಯಾ?

ಮಿಥೈಲ್_ಮಾತು:

ಇದರ ಬಗ್ಗೆ ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಈ ಟೆಸ್ಟ್‌ಗಳ ಹಿಂದಿರುವ ವಿಜ್ಞಾನ ನಿಜವಾಗಿಯೂ ಸೊಗಸಾದದ್ದು. ವಯಸ್ಸಾದಂತೆ ಡಿಎನ್‌ಎ ಮೇಲೆ ಮಿಥೈಲ್ ಅನ್ನುವ ಸಣ್ಣ ರಾಸಾಯನಿಕ ಗುರುತುಗಳು ಕೆಲವು ಜಾಗದಲ್ಲಿ ಹೆಚ್ಚುತ್ತವೆ, ಕೆಲವು ಕಡೆ ಅಳಿಯುತ್ತವೆ. 2013ರಲ್ಲಿ ಸ್ಟೀವ್ ಹೋರ್ವಾತ್ ಅಂಥ 353 ಜಾಗಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ವಯಸ್ಸು ಹೇಳುವ ಸೂತ್ರ ಕೊಟ್ಟರು. ಇಂಥ ಸೂತ್ರಗಳನ್ನು ಕ್ಲಾಕ್ ಅಂತ ಕರೆಯುತ್ತಾರೆ. ಸಾವಿರಾರು ಜನರ ಗುಂಪನ್ನು ಅಧ್ಯಯನ ಮಾಡಲು ಇದು ಒಳ್ಳೆಯ ಸಾಧನ. ಒಬ್ಬ ವ್ಯಕ್ತಿ ಎರಡು ಸಲ ಟೆಸ್ಟ್ ಮಾಡಿಸಿ, ಮಧ್ಯೆ ತಿಂದ ಮಾತ್ರೆಯಿಂದ ಚಿಕ್ಕವನಾದೆ ಅನ್ನಲು ಮಾತ್ರ ಇದು ಸಾಲದು. 2022ರ ಒಂದು ಅಧ್ಯಯನದಲ್ಲಿ ಒಂದೇ ರಕ್ತದ ಮಾದರಿಯನ್ನು ಮತ್ತೆ ಮತ್ತೆ ಅಳೆದಾಗ ಕೆಲವು ಪ್ರಸಿದ್ಧ ಕ್ಲಾಕ್‌ಗಳಲ್ಲಿ 9 ವರ್ಷದವರೆಗೂ ವ್ಯತ್ಯಾಸ ಬಂತು. ಅದೇ ಮನುಷ್ಯ, ಅದೇ ರಕ್ತ. ಅದನ್ನು ಸರಿಪಡಿಸುವ ವಿಧಾನವನ್ನೂ ಅದೇ ತಂಡ ಕೊಟ್ಟಿದೆ, ಆದರೆ ನೀವು ದುಡ್ಡು ಕೊಟ್ಟು ಮಾಡಿಸುವ ಟೆಸ್ಟ್ ಯಾವ ವಿಧಾನದ್ದು ಅಂತ ಕೇಳಿಯೇ ಮಾಡಿಸಬೇಕು.

ಮೇಲೆ ಹೇಳಿದ ಕ್ಯಾಲರಿ ಟ್ರಯಲ್‌ನ ರಕ್ತವನ್ನು ಈ ಕ್ಲಾಕ್‌ಗಳಿಂದಲೂ ನೋಡಿದ್ದಾರೆ, 2023ರಲ್ಲಿ ಪ್ರಕಟವಾಯಿತು. ಡುನೆಡಿನ್‌ಪೇಸ್ ಅನ್ನುವ ಅಳತೆಯಲ್ಲಿ ವಯಸ್ಸಾಗುವ ವೇಗ 2ರಿಂದ 3% ಇಳಿದಿತ್ತು. ಫಿನೋಏಜ್, ಗ್ರಿಮ್‌ಏಜ್ ಅನ್ನುವ ಬೇರೆ ಎರಡು ಕ್ಲಾಕ್‌ಗಳಲ್ಲಿ ಗಮನಾರ್ಹ ಬದಲಾವಣೆ ಇರಲಿಲ್ಲ. ಎರಡು ವರ್ಷ ಕಷ್ಟಪಟ್ಟು ಕಡಿಮೆ ತಿಂದವರಿಗೇ ಇಷ್ಟು ಅಂದರೆ, ಮೂರು ತಿಂಗಳಲ್ಲಿ ಒಂಬತ್ತು ವರ್ಷ ಇಳಿಸಿದೆ ಅನ್ನುವ ಪೋಸ್ಟ್ ಹೇಗೆ ನಂಬುವುದು ನೀವೇ ಹೇಳಿ. ರ‍್ಯಾಂಕ್ ಪಟ್ಟಿ ಇರುವ ಗುಂಪಿನಲ್ಲಿ ಜನ ಆರೋಗ್ಯ ಬಿಟ್ಟು ನಂಬರ್ ಹಿಂದೆ ಓಡುತ್ತಾರೆ. ನನಗೆ ಅದು ನೋಡಲು ಸಂಕಟ ಆಗುತ್ತದೆ, ಯಾಕೆಂದರೆ ಅವರಲ್ಲಿ ಎಷ್ಟೋ ಜನ ನಿಜವಾಗಿ ಶ್ರದ್ಧೆ ಇರುವವರು.

ಸ್ವಂತ ಪ್ರಯೋಗ ಮಾಡಲೇಬೇಕು ಅಂತಿದ್ದರೆ ಕ್ವಾಂಟಿಫೈಡ್ ಸೆಲ್ಫ್, ಅಂದರೆ ತಮ್ಮನ್ನು ತಾವೇ ಅಳೆದು ದಾಖಲಿಸಿಕೊಳ್ಳುವವರ ಸಮುದಾಯದ ಪದ್ಧತಿ ನೋಡಿ. 2007ರಲ್ಲಿ ಗ್ಯಾರಿ ವುಲ್ಫ್, ಕೆವಿನ್ ಕೆಲ್ಲಿ ಶುರು ಮಾಡಿದ್ದು. ಅಲ್ಲಿ ಮಾತಾಡುವವರು ಮೂರು ಪ್ರಶ್ನೆಗೆ ಉತ್ತರ ಕೊಡಬೇಕು: ಏನು ಮಾಡಿದಿರಿ, ಹೇಗೆ ಮಾಡಿದಿರಿ, ಏನು ಕಲಿತಿರಿ. ಇಷ್ಟು ಕೇಳಿದರೆ ಸಾಕು, ಅರ್ಧ ಬುರುಡೆ ಅಲ್ಲೇ ಬಿದ್ದುಹೋಗುತ್ತದೆ.

ಸಂಜೆ_ನಡಿಗೆ:

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಲಾಂಜೆವಿಟಿ ಅಂತ ಹೆಸರಿಟ್ಟುಕೊಂಡ ಗುಂಪುಗಳಲ್ಲಿ ಬಹಳ ಸಮಯ ಹೋಗುವುದು ಕೊನೆಯ ಒಂದು ಪರ್ಸೆಂಟ್ ಲಾಭದ ಮೇಲೆ. ದೊಡ್ಡ ಲಾಭ ಇರುವ ವಿಷಯಗಳು ಅಲ್ಲಿ ಸಪ್ಪೆ ಅನ್ನಿಸಿ ಯಾರೂ ಎತ್ತುವುದಿಲ್ಲ. 2018ರಲ್ಲಿ ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿಕೊಂಡ 1,22,007 ಜನರ ದಾಖಲೆ ಪ್ರಕಟವಾಯಿತು. ದಮ್ಮು, ಅಂದರೆ ಓಡುವ ಶಕ್ತಿ ತೀರಾ ಕಡಿಮೆ ಇದ್ದವರ ಸಾವಿನ ಅಪಾಯ, ದಮ್ಮು ಅತ್ಯುತ್ತಮವಾಗಿದ್ದವರಿಗಿಂತ ಸುಮಾರು ಐದು ಪಟ್ಟು. ಅದೆಲ್ಲವೂ ವ್ಯಾಯಾಮದಿಂದಲೇ ಅಂತ ಹೇಳಲಾಗದು, ಕಾಯಿಲೆ ಇದ್ದವರಿಗೆ ಓಡಲು ಆಗುವುದಿಲ್ಲ ಅನ್ನುವುದೂ ಅದರೊಳಗಿದೆ. ಆದರೂ ಅಂತರ ಸಣ್ಣದಲ್ಲ. ಬಿಪಿ ನೋಡಿ. 2015ರ ಸ್ಪ್ರಿಂಟ್ ಟ್ರಯಲ್‌ನಲ್ಲಿ ಹೃದಯದ ಅಪಾಯ ಜಾಸ್ತಿ ಇದ್ದ 9,361 ಜನರಿದ್ದರು. ಮೇಲಿನ ಬಿಪಿಯನ್ನು 140ರ ಬದಲು 120ಕ್ಕಿಂತ ಕೆಳಗೆ ತರುವ ಗುರಿ ಇಟ್ಟಾಗ ಸಾವು 27% ಕಡಿಮೆಯಾಯಿತು, ಟ್ರಯಲ್ ಅನ್ನು ಅರ್ಧಕ್ಕೇ ನಿಲ್ಲಿಸಿದರು. ಬಿಪಿ ಮಾತ್ರೆ ನಿಲ್ಲಿಸಿ ಅನ್ನುವವರಿಗೆ ಇದನ್ನು ತೋರಿಸಿ.

ಅದಕ್ಕೆ ನನ್ನ ಸಲಹೆ, ಓದುವುದಕ್ಕೆ ಮೇಲಿನವರು ಹೇಳಿದ ಜಾಗ ಇಟ್ಟುಕೊಳ್ಳಿ. ಮಾಡುವುದಕ್ಕೆ ಒಂದು ಸಣ್ಣ ಗುಂಪು ಸೇರಿ, ಓಟದ್ದೋ, ಭಾರ ಎತ್ತುವವರದ್ದೋ, ಬರೀ ನಡೆಯುವವರದ್ದೋ. ಹತ್ತು ಹನ್ನೆರಡು ಜನ ಸಾಕು. ಒಂದು ವಾರ ನೀವು ಕಾಣದಿದ್ದರೆ ಎಲ್ಲಿ ಹೋದಿರಿ ಅಂತ ಕೇಳುವಷ್ಟು ಪರಿಚಯ ಇರಬೇಕು. ಲಕ್ಷ ಜನರಿರುವ ಗುಂಪಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ.

ಓದುಗ_ನಿಧಾನ:

ನಡಿಗೆ ಅವರ ಮಾತು ಪೂರ್ತಿ ಒಪ್ಪುತ್ತೇನೆ. ಮುಂಜಾನೆ ಅವರೇ, ಹೊರಡುವ ಮುಂಚೆ ಒಂದು ವಿಷಯ. ರಿಪೋರ್ಟ್ ಎಲ್ಲೇ ಹಾಕಿದರೂ ಫೋಟೋ ಹಾಕಬೇಡಿ, ಅಂಕಿಗಳನ್ನು ಟೈಪ್ ಮಾಡಿ. ಹೆಸರು, ಬಾರ್‌ಕೋಡ್, ಲ್ಯಾಬ್ ನಂಬರ್ ಯಾವುದೂ ಹೊರಗೆ ಹೋಗಬಾರದು. ಮಾತ್ರೆ ಶುರು ಮಾಡುವ, ನಿಲ್ಲಿಸುವ ಮಾತು ಬಂದರೆ ಅದನ್ನು ಪ್ರಶ್ನೆಯಾಗಿ ಬರೆದಿಟ್ಟುಕೊಂಡು ನಿಮ್ಮ ಡಾಕ್ಟರ್ ಹತ್ತಿರ ಹೋಗಿ. ಗುಂಪಿನಲ್ಲಿ ಸಿಕ್ಕ ಒಳ್ಳೆಯ ಪ್ರಶ್ನೆಗಳಿಂದ ನನ್ನ ಡಾಕ್ಟರ್ ಜೊತೆಗಿನ ಹತ್ತು ನಿಮಿಷ ಎಷ್ಟೋ ಸಲ ತುಂಬಾ ಉಪಯೋಗಕ್ಕೆ ಬಂದಿದೆ.